ನಿಮ್ಮ ಫೈಲಿನ ಮನೆ ಎಲ್ಲಿದೆ?

ಮಕ್ಕಳೇ, ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇದೆ ಎಂದುಕೊಳ್ಳಿ. ಇಕೋ ಕ್ಲಬ್ಬಿನ ಮಕ್ಕಳು ದಿನವೂ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ಕೂಡಿದ ನೀರನ್ನು ಅಳೆಯುತ್ತಾರೆ. ಎಷ್ಟು ಮಿಲಿಮೀಟರ್ ಮಳೆ ಬಂತೆಂದು ಬರೆದಿಡುತ್ತಾರೆ. ಈ ಶಾಲೆಯಲ್ಲಿ ಓದಿ ಹೋದ ಅಕ್ಕ ಅಣ್ಣಂದಿರೂ ಹೀಗೆಯೇ ಬರೆದಿದ್ದಾರೆ. ಆರು ವರ್ಷಗಳ ಲೆಕ್ಕ ಈಗ ಒಂದು ಫೈಲಾಗಿ ಮುಖ್ಯ ಶಿಕ್ಷಕರ ಕೋಣೆಯ ಕಂಪ್ಯೂಟರಿನಲ್ಲಿದೆ.

ಒಂದು ದಿನ ಆ ಕಂಪ್ಯೂಟರು ಶುರುವಾಗಲೇ ಇಲ್ಲ. ಸಿಡಿಲು ಬಡಿದಿರಬಹುದು, ಒಳಗಿನ ಡಿಸ್ಕ್ ಕೆಟ್ಟಿರಬಹುದು. ಕಂಪ್ಯೂಟರನ್ನು ಹೊಸದಾಗಿ ಕೊಳ್ಳಬಹುದು. ಆದರೆ ಆರು ವರ್ಷದ ಮಳೆಯನ್ನು ಮತ್ತೊಮ್ಮೆ ಸುರಿಸಿ ಅಳೆಯಲು ಯಾರಿಂದಾದೀತು?

ಆದ್ದರಿಂದ ಆ ಫೈಲಿಗೆ ಇನ್ನೊಂದು ಪ್ರತಿ ಬೇಕು. ಅದನ್ನು ಎಲ್ಲಿಡಬೇಕು? ಯಾವ ತಂತ್ರಾಂಶ ಬಳಸಬೇಕು? ಬನ್ನಿ, ತಿಳಿಯೋಣ.

ಕೈಯಲ್ಲೇ ಬೆಣ್ಣೆ

ಮುಖ್ಯ ಶಿಕ್ಷಕರ ಕೋಣೆಯಿಂದ ನಿಮ್ಮ ತರಗತಿಯ ಲ್ಯಾಪ್‌ಟಾಪಿಗೆ ಈ ಫೈಲನ್ನು ಕಳಿಸಬೇಕು. ನಡುವೆ ಇರುವುದು ಒಂದೇ ಗೋಡೆ. ಸಾಮಾನ್ಯವಾಗಿ ದೊಡ್ಡವರು ಏನು ಮಾಡುತ್ತಾರೆ? ಇ-ಮೇಲ್ ಮಾಡುತ್ತಾರೆ, ಇಲ್ಲವೇ ಮೊಬೈಲಿನ ಯಾವುದಾದರೂ ಆ್ಯಪ್ ಮೂಲಕ ಕಳಿಸುತ್ತಾರೆ. ಆಗ ಫೈಲು ಟವರು, ಕೇಬಲ್ಲುಗಳನ್ನು ದಾಟಿ ದೂರದ ಯಾವುದೋ ಊರಿಗೆ, ಕೆಲವೊಮ್ಮೆ ದೂರದ ದೇಶಕ್ಕೇ ಹೋಗುತ್ತದೆ. ಅಲ್ಲಿನ ದೊಡ್ಡ ಕಟ್ಟಡವೊಂದರಲ್ಲಿ ಕುಳಿತು, ಮತ್ತೆ ಅಷ್ಟೇ ದೂರ ಬಂದು ಪಕ್ಕದ ಕೋಣೆ ಸೇರುತ್ತದೆ! ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಗಾದೆ ನಿಮಗೆ ಗೊತ್ತಲ್ಲವೇ? ಇದೂ ಹಾಗೆಯೇ.

ಆ ದೂರದ ಕಟ್ಟಡಕ್ಕೆ ಡೇಟಾ ಸೆಂಟರ್ ಎಂದು ಹೆಸರು. ಅದರೊಳಗೆ ಸಾವಿರಾರು ಕಂಪ್ಯೂಟರುಗಳು ಹಗಲಿರುಳು ಓಡುತ್ತಿರುತ್ತವೆ. "ಫೋಟೊ ಕ್ಲೌಡಿನಲ್ಲಿದೆ" ಎಂದು ದೊಡ್ಡವರು ಹೇಳುವುದನ್ನು ಕೇಳಿರುತ್ತೀರಿ. ಕ್ಲೌಡ್ ಎಂದರೆ ಮೋಡ. ಹೆಸರು ಮೋಡವಾದರೂ ಅದು ಇರುವುದು ನೆಲದ ಮೇಲೆಯೇ. 2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಐದು ಅಂತಸ್ತಿನ ಇಂಥ ಒಂದು ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬೇರೆ ಕಡೆ ಪ್ರತಿ ಇಟ್ಟುಕೊಂಡಿದ್ದವರು ಚೇತರಿಸಿಕೊಂಡರು. ಇಟ್ಟುಕೊಳ್ಳದವರ ಫೈಲುಗಳು ಬೂದಿಯಾದವು.

ಬೆಂಕಿಯೇ ಬೀಳಬೇಕೆಂದಿಲ್ಲ. ಆರ್ಕುಟ್ ಎಂಬ ಜಾಲತಾಣದಲ್ಲಿ ನಮ್ಮ ದೇಶದ ಲಕ್ಷಾಂತರ ಜನ ಗೆಳೆಯರೊಂದಿಗೆ ಹರಟುತ್ತಿದ್ದರು. 2014ರ ಸೆಪ್ಟೆಂಬರ್ 30ರಂದು ಅದನ್ನು ನಡೆಸುತ್ತಿದ್ದ ಕಂಪನಿ ಅದನ್ನು ಮುಚ್ಚಿತು. ಮೈಸ್ಪೇಸ್ ಎಂಬ ಇನ್ನೊಂದು ತಾಣದಲ್ಲಿ ಹಾಡುಗಾರರು ತಮ್ಮ ಹಾಡುಗಳನ್ನು ಇಟ್ಟಿದ್ದರು. ಸರ್ವರುಗಳನ್ನು ಬದಲಿಸುವಾಗ, ಹನ್ನೆರಡು ವರ್ಷಗಳಲ್ಲಿ ಜನ ಹಾಕಿದ್ದ ಹಾಡುಗಳು ಕಳೆದುಹೋದವು ಎಂಬ ಸಂಗತಿ 2019ರಲ್ಲಿ ಹೊರಬಂತು.

ಹಾಗಾದರೆ ಇಂಥ ಸೇವೆಗಳು ಕೆಟ್ಟವೇ? ಹಾಗಲ್ಲ. ಅವು ಬಾಡಿಗೆ ಮನೆ ಇದ್ದಂತೆ. ಬಾಡಿಗೆ ಮನೆ ಸೋರಿದರೆ ಮಾಲೀಕರು ಸರಿಮಾಡಿಸುತ್ತಾರೆ. ಆದರೆ ಮನೆ ಖಾಲಿ ಮಾಡಿ ಎಂದರೆ ಮಾಡಲೇಬೇಕು. ಸ್ವಂತ ಮನೆಯಿಂದ ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ. ಆದರೆ ಸೋರಿದಾಗ ಏಣಿ ಹತ್ತಬೇಕಾದವರು ನೀವೇ!

ಸರ್ವರ್ ಎಂದರೇನು?

ಬಿಸಿಯೂಟದ ಸಾಲಿನಲ್ಲಿ ನೀವು ತಟ್ಟೆ ಹಿಡಿದು ಕುಳಿತಾಗ ಒಬ್ಬರು ಬಂದು ಬಡಿಸುತ್ತಾರೆ. ಕಂಪ್ಯೂಟರುಗಳ ಸಾಲಿನಲ್ಲಿಯೂ ಹೀಗೆ ಬಡಿಸುವವರು ಬೇಕು. ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಕೊಡುತ್ತಾ, ಕೊಟ್ಟಿದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಅದಕ್ಕೆ ಬೇಕಾದ್ದು ಬಡಿಸುವ ತಂತ್ರಾಂಶ ಅಷ್ಟೆ. ಶಾಲೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರೂ ಸರ್ವರ್ ಆಗಬಲ್ಲದು. 2012ರಲ್ಲಿ ಬ್ರಿಟನ್ನಿನಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರಿನಲ್ಲಿಯೂ ಈ ಕೆಲಸ ನಡೆಯುತ್ತದೆ. ಹೀಗೆ ನಮ್ಮದೇ ಯಂತ್ರದಲ್ಲಿ ನಮ್ಮದೇ ಸೇವೆ ನಡೆಸುವುದಕ್ಕೆ ಸೆಲ್ಫ್ ಹೋಸ್ಟಿಂಗ್ ಎಂದು ಹೆಸರು. ನಾವು ಅದನ್ನು 'ಸ್ವಂತ ಸರ್ವರ್' ಎಂದು ಕರೆಯೋಣ.

ಎರಡು ಪ್ರತಿ, ಒಂದೇ ಲೆಕ್ಕ

ಎರಡು ಕಂಪ್ಯೂಟರುಗಳಲ್ಲಿರುವ ಪ್ರತಿಗಳನ್ನು ಸದಾ ಒಂದೇ ರೀತಿ ಇಡುವ ಕೆಲಸಕ್ಕೆ ಸಿಂಕ್ ಮಾಡುವುದು ಎನ್ನುತ್ತಾರೆ. ಒಂದು ಕಡೆ ಇಂದಿನ ಮಳೆ ಬರೆದರೆ ಇನ್ನೊಂದು ಕಡೆಯೂ ತಾನಾಗಿ ಮೂಡಬೇಕು. ದಿನವೂ ಇಡೀ ಫೈಲನ್ನು ಕಳಿಸುವುದು ದಂಡ. ಬದಲಾದಷ್ಟನ್ನೇ ಕಳಿಸಿದರೆ ಸಾಕು. ಆದರೆ ಎಲ್ಲಿ ಬದಲಾಗಿದೆ ಎಂದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ? ನೀವೇ ಮಾಡಿ ನೋಡಿ.

ಮಾಡಿ ನೋಡಿ

ನಾಲ್ಕು ವಾರಗಳ ಮಳೆಯ ಲೆಕ್ಕ ಇಲ್ಲಿದೆ. ನೀವು ಇದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಮೊದಲ ವಾರ: 0, 4, 12, 0, 7, 0, 2
ಎರಡನೆಯ ವಾರ: 18, 22, 5, 0, 0, 31, 9
ಮೂರನೆಯ ವಾರ: 0, 0, 3, 14, 26, 8, 1
ನಾಲ್ಕನೆಯ ವಾರ: 6, 0, 0, 0, 11, 2, 0

ನಿಮ್ಮ ಗೆಳತಿಯೂ ಇದನ್ನು ಬರೆದುಕೊಳ್ಳಲಿ. ಆದರೆ ಎಲ್ಲಾದರೂ ಒಂದು ಕಡೆ, ನಿಮಗೆ ಹೇಳದೆ, ಒಂದು ಸಂಖ್ಯೆ ಬದಲಿಸಲಿ. ಈಗ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. 28 ಸಂಖ್ಯೆಗಳನ್ನೂ ಓದಿ ಹೇಳಬೇಡಿ. ಪ್ರತಿ ವಾರದ ಮೊತ್ತ ಮಾತ್ರ ಹೇಳಿ. ನಿಮ್ಮ ಮೊತ್ತಗಳು 25, 85, 52, 19. ಗೆಳತಿಯವು 25, 85, 88, 19 ಎಂದುಕೊಳ್ಳಿ. ವ್ಯತ್ಯಾಸ ಇರುವುದು ಮೂರನೆಯ ವಾರದಲ್ಲಿ! ಆ ವಾರದ ಏಳು ಸಂಖ್ಯೆಗಳನ್ನು ಮಾತ್ರ ಈಗ ಓದಿ ಹೇಳಿ. ಅವಳು 26ರ ಬದಲು 62 ಬರೆದಿದ್ದಾಳೆ. 28 ಸಂಖ್ಯೆ ಹೇಳಬೇಕಿದ್ದ ಕಡೆ 11 ಸಂಖ್ಯೆಯಲ್ಲಿ ಕೆಲಸ ಮುಗಿಯಿತು.

ಸಿಂಕ್ ಮಾಡುವ ತಂತ್ರಾಂಶಗಳ ಗುಟ್ಟೂ ಇದೇ. 2013ರಲ್ಲಿ ಹೊರಬಂದ ಸಿಂಕ್‌ಥಿಂಗ್ ಎಂಬ ತಂತ್ರಾಂಶ ಫೈಲನ್ನು ತುಂಡುಗಳಾಗಿ ಮಾಡಿಕೊಳ್ಳುತ್ತದೆ. ಪ್ರತಿ ತುಂಡಿಗೂ ಒಂದು 'ಬೆರಳಚ್ಚು' ಲೆಕ್ಕ ಹಾಕುತ್ತದೆ. ಬೆರಳಚ್ಚು ಹೊಂದದ ತುಂಡುಗಳನ್ನು ಮಾತ್ರ ತರಿಸಿಕೊಳ್ಳುತ್ತದೆ.

ನಮ್ಮ ಮೊತ್ತದ ಲೆಕ್ಕದಲ್ಲಿ ಒಂದು ದೋಷವಿದೆ. ಕಂಡುಹಿಡಿದಿರಾ? ಮೂರನೆಯ ವಾರದಲ್ಲಿ 14 ಮತ್ತು 26 ಅದಲುಬದಲಾದರೆ ಮೊತ್ತ 52 ಆಗಿಯೇ ಉಳಿಯುತ್ತದೆ. ತಪ್ಪು ಸಿಕ್ಕುವುದೇ ಇಲ್ಲ! ಅದಕ್ಕಾಗಿ ಕಂಪ್ಯೂಟರುಗಳು ಬರೀ ಕೂಡುವುದಿಲ್ಲ. ಎಸ್‌ಎಚ್‌ಎ-256 ಎಂಬ ಬಲು ಜಟಿಲವಾದ ಲೆಕ್ಕ ಮಾಡುತ್ತವೆ. ಇದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ, ಜಾಗ ಅದಲುಬದಲಾದರೂ, ಬೆರಳಚ್ಚು ಪೂರ್ತಿ ಬೇರೆಯೇ ಆಗುತ್ತದೆ.

ಸಿಂಕ್ ಬೇರೆ, ಕಾಪು ಪ್ರತಿ ಬೇರೆ

26 ಸರಿಯೋ 62 ಸರಿಯೋ? ಇದು ಕಂಪ್ಯೂಟರಿಗೆ ಗೊತ್ತಿಲ್ಲ. ಸಾಮಾನ್ಯವಾಗಿ ಅದು ಆಮೇಲೆ ಬದಲಾದ ಪ್ರತಿಯನ್ನು ಹೊಸದೆಂದು ತೆಗೆದುಕೊಳ್ಳುತ್ತದೆ. ಒಂದನ್ನೊಂದು ಕೇಳದೆ ಎರಡೂ ಕಡೆ ಬದಲಾಗಿದ್ದರೆ ಸಿಂಕ್‌ಥಿಂಗ್ ಎರಡನ್ನೂ ಉಳಿಸಿ, ಒಂದರ ಹೆಸರಿನಲ್ಲಿ ತಕರಾರಿನ ಗುರುತು ಸೇರಿಸುತ್ತದೆ. ತೀರ್ಪು ಕೊಡಬೇಕಾದವರು ನೀವು. ಕಾಗದದ ಮೇಲೆ ಬರೆದ ಮಳೆ ಪುಸ್ತಕ ತೆರೆದು ನೋಡಬೇಕು.

ಇನ್ನೂ ಒಂದು ಅಪಾಯವಿದೆ. ಯಾರೋ ಕೈತಪ್ಪಿ ಫೈಲನ್ನು ಅಳಿಸಿದರು ಎನ್ನಿ. ಸಿಂಕ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತದೆ. ಇನ್ನೊಂದು ಕಡೆಯೂ ಅಳಿಸುತ್ತದೆ! ಆದ್ದರಿಂದ ಸಿಂಕ್ ಇದ್ದರೂ ಬೇರೆಯಾಗಿ ಎತ್ತಿಟ್ಟ ಒಂದು ಪ್ರತಿ ಬೇಕೇ ಬೇಕು. ಇದನ್ನು ಬ್ಯಾಕಪ್ ಎನ್ನುತ್ತಾರೆ. ನಾವು ಕಾಪು ಪ್ರತಿ ಎನ್ನೋಣ. ಕಂಪ್ಯೂಟರ್ ತಿಳಿದವರು ಪಾಲಿಸುವ ಒಂದು ಸುಲಭ ಸೂತ್ರ 3-2-1. ಒಟ್ಟು ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ನಮ್ಮ ಅಜ್ಜಿಯರು ಬಿತ್ತನೆಯ ಬೀಜವನ್ನೆಲ್ಲ ಒಂದೇ ಮಡಕೆಯಲ್ಲಿ ಇಡುತ್ತಿದ್ದರೇ? ಯೋಚಿಸಿ.

ಗೋಡೆಯಾಚೆಗೆ ದಾರಿ

ಸಿಂಕ್ ಆಗಲು ಕಂಪ್ಯೂಟರುಗಳ ನಡುವೆ ದಾರಿ ಬೇಕು. ಶಾಲೆಯಲ್ಲಿ ವೈಫೈ ಕೊಡುವ ಒಂದು ರೂಟರ್ ಇದ್ದರೆ ಆ ದಾರಿ ಸಿದ್ಧವಾಗಿಯೇ ಇದೆ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಹೊರಗಿನ ಅಂತರ್ಜಾಲ ನಿಂತುಹೋದರೂ ರೂಟರಿಗೆ ವಿದ್ಯುತ್ ಇದ್ದರೆ ಶಾಲೆಯೊಳಗಿನ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡಬಲ್ಲವು. ಬೆಣ್ಣೆಗೆ ಊರು ಅಲೆಯಬೇಕಿಲ್ಲ!

ಒಳಗಿನ ಪ್ರತಿ ಕಂಪ್ಯೂಟರಿಗೂ ರೂಟರು 192.168.1.5 ಎಂಬಂಥ ಒಂದು ವಿಳಾಸ ಕೊಡುತ್ತದೆ. ಇದೇ ವಿಳಾಸ ನಿಮ್ಮ ಪಕ್ಕದೂರಿನ ಶಾಲೆಯಲ್ಲಿಯೂ ಇರಬಹುದು. ಅದು ಹೇಗೆ? 'ಮುಖ್ಯ ಶಿಕ್ಷಕರ ಕೋಣೆ' ಎಂದರೆ ನಿಮ್ಮ ಶಾಲೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಲಕೋಟೆಯ ಮೇಲೆ ಬರೀ 'ಮುಖ್ಯ ಶಿಕ್ಷಕರ ಕೋಣೆ' ಎಂದು ಬರೆದು ಅಂಚೆಗೆ ಹಾಕಿದರೆ? ಅಂಚೆಯಣ್ಣ ಯಾವ ಊರಿಗೆ ಕೊಂಡೊಯ್ಯಬೇಕು? ಒಳಗಿನ ವಿಳಾಸಗಳೂ ಹಾಗೆಯೇ. ಹೊರಗಿನಿಂದ ನೇರವಾಗಿ ತಲುಪಲಾಗದು.

ಶಿಕ್ಷಕರು ರಜೆಯಲ್ಲಿ ಮನೆಯಿಂದಲೇ ಶಾಲೆಯ ಸರ್ವರನ್ನು ತಲುಪಬೇಕಾದರೆ ವಿಪಿಎನ್ ಎಂಬ ಉಪಾಯವಿದೆ. ಇದು ಅಂತರ್ಜಾಲದ ಒಳಗೇ ಕೊರೆದ ಖಾಸಗಿ ಸುರಂಗ. ಸುರಂಗದಲ್ಲಿ ಹೋಗುವ ಪ್ರತಿಯೊಂದು ಸಂದೇಶಕ್ಕೂ ಬೀಗ ಹಾಕಿರುತ್ತದೆ. ಒತ್ತಿದರೆ ಮುಚ್ಚಿಕೊಳ್ಳುವ ಬೀಗವನ್ನು ತೆರೆದಿಟ್ಟು ಯಾರಿಗೆ ಬೇಕಾದರೂ ಕೊಡಬಹುದು. ತೆರೆಯುವ ಕೀಲಿ ಮಾತ್ರ ನಿಮ್ಮ ಬಳಿಯೇ ಇರುತ್ತದೆ. ದಾರಿಯಲ್ಲಿ ಯಾರಾದರೂ ಕದ್ದರೂ ಓದಲಾಗದು. ಈ ಕೆಲಸ ಮಾಡುವ ವೈರ್‌ಗಾರ್ಡ್ ಎಂಬ ತಂತ್ರಾಂಶ 2020ರ ಮಾರ್ಚ್‌ನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಭಾಗವಾಯಿತು.

ಊರಿಗೆ ಊರೇ ಸೇರಿ ಜಾಲ ಕಟ್ಟಿಕೊಂಡದ್ದೂ ಉಂಟು. ಸ್ಪೇನ್ ದೇಶದ ಕ್ಯಾಟಲೋನಿಯದ ಹಳ್ಳಿಗಳಿಗೆ ಕಂಪನಿಗಳು ವೇಗದ ಅಂತರ್ಜಾಲ ತರಲಿಲ್ಲ. 2004ರಲ್ಲಿ ಅಲ್ಲಿನ ಜನ ಮನೆಯ ಮಾಳಿಗೆಗಳ ಮೇಲೆ ಆಂಟೆನಾ ನಿಲ್ಲಿಸಿ ಒಂದು ಮನೆಯಿಂದ ಇನ್ನೊಂದಕ್ಕೆ ವೈಫೈ ದಾಟಿಸಿದರು. ಗುಯಿಫಿ ನೆಟ್ ಎಂಬ ಆ ಜಾಲ ಬೆಳೆದು ಮೂವತ್ತು ಸಾವಿರಕ್ಕೂ ಹೆಚ್ಚು ಕೊಂಡಿಗಳನ್ನು ಮುಟ್ಟಿತು. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿಯ ಹಳ್ಳಿಯಲ್ಲಿ ಜನಸ್ತು ಎಂಬ ಸಂಸ್ಥೆ ಇಂಥದೇ ಸಮುದಾಯದ ವೈಫೈ ಜಾಲವನ್ನು ಪ್ರಯೋಗ ಮಾಡಿ ನೋಡಿದೆ.

ಮಾತುಕತೆಗೆ ಯಾವ ಅಂಚೆ?

1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. ವಿಳಾಸದಲ್ಲಿ @ ಗುರುತು ಬಳಸಿದರು. ಅದರ ಎಡಕ್ಕೆ ವ್ಯಕ್ತಿಯ ಹೆಸರು, ಬಲಕ್ಕೆ ಕಂಪ್ಯೂಟರಿನ ಹೆಸರು. ಅಂದರೆ, 'ಯಾರು, ಯಾವ ಮನೆಯಲ್ಲಿ' ಎಂದು ಅರ್ಥ. ಇಂದಿಗೂ ಇ-ಮೇಲಿನ ಗುಣ ಇದೇ. ಯಾವ ಕಂಪನಿಯ ವಿಳಾಸದಿಂದ ಬರೆದರೂ ಬೇರೆ ಕಂಪನಿಯ ವಿಳಾಸಕ್ಕೆ ತಲುಪುತ್ತದೆ. ತಿಪಟೂರಿನ ಅಂಚೆ ಕಚೇರಿಯಲ್ಲಿ ಹಾಕಿದ ಕಾಗದ ತೀರ್ಥಹಳ್ಳಿಗೆ ಮುಟ್ಟುವಂತೆ.

ಆದರೆ ಮೊಬೈಲಿನ ಅನೇಕ ಸಂದೇಶದ ಆ್ಯಪ್‌ಗಳು ಹಾಗಲ್ಲ. ಒಂದೇ ಆ್ಯಪ್ ಇದ್ದವರು ಮಾತ್ರ ಒಬ್ಬರೊಡನೊಬ್ಬರು ಮಾತಾಡಬಹುದು. 2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಎಂಬ ವ್ಯವಸ್ಥೆ ಇ-ಮೇಲಿನ ಗುಣವನ್ನು ಹರಟೆಗೂ ತಂದಿತು. ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು ಬೇರೆ ಸರ್ವರಿನವರೊಡನೆ ಮಾತಾಡಬಹುದು. ಫ್ರಾನ್ಸ್ ಸರ್ಕಾರ 2019ರಲ್ಲಿ ತನ್ನ ನೌಕರರಿಗಾಗಿ ಚಾಪ್ ಎಂಬ ಸಂದೇಶ ಸೇವೆಯನ್ನು ಇದರ ಮೇಲೆಯೇ ಕಟ್ಟಿತು. ಸರ್ಕಾರದ ಮಾತು ಸರ್ಕಾರದ ಸರ್ವರಿನಲ್ಲೇ ಇರಲಿ ಎಂಬುದು ಅದರ ಉದ್ದೇಶ.

ಆರಿಸುವ ಮೊದಲು ಐದು ಪ್ರಶ್ನೆ

ಯಾವುದೇ ತಂತ್ರಾಂಶ ಆರಿಸುವಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ನಮ್ಮ ಫೈಲು ಯಾವ ಯಂತ್ರದಲ್ಲಿ ಇರುತ್ತದೆ? ಆ ಯಂತ್ರ ಯಾರದು?

2. ಬೇಡವೆನಿಸಿದ ದಿನ ಎಲ್ಲ ಫೈಲುಗಳನ್ನೂ ಹೊರತೆಗೆದುಕೊಂಡು ಹೋಗಬಹುದೇ? ಬೇರೆ ತಂತ್ರಾಂಶದಲ್ಲಿ ಅವು ತೆರೆದುಕೊಳ್ಳುತ್ತವೆಯೇ?

3. ತಂತ್ರಾಂಶದ ಒಳಗನ್ನು ಬಲ್ಲವರು ತೆರೆದು ನೋಡಬಹುದೇ? ಹಾಗೆ ನೋಡಲು, ತಿದ್ದಲು, ಹಂಚಲು ಬಿಡುವುದನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಹಲವು ವರ್ಷಗಳಿಂದ ಇಂಥ ತಂತ್ರಾಂಶಗಳನ್ನೇ ಬಳಸುತ್ತಿದ್ದಾರೆ.

4. ಅಂತರ್ಜಾಲ ನಿಂತಾಗ, ವಿದ್ಯುತ್ ಹೋಗಿ ಬಂದಾಗ ಏನಾಗುತ್ತದೆ?

5. ಇದನ್ನು ನೋಡಿಕೊಳ್ಳುವವರು ಯಾರು? ಅವರು ಬೇರೆ ಊರಿಗೆ ವರ್ಗವಾಗಿ ಹೋದರೆ ಆಮೇಲೆ ಯಾರು?

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಸ್ವಂತ ಸರ್ವರಿಗೆ ಆಗಾಗ ಹೊಸ ತಿದ್ದುಪಡಿ ಹಾಕಬೇಕು. ಗುಪ್ತಪದ ಗಟ್ಟಿಯಾಗಿರಬೇಕು. ಧೂಳು ಒರೆಸಬೇಕು. ಕಾಪು ಪ್ರತಿ ನಿಜವಾಗಿಯೂ ತೆರೆದುಕೊಳ್ಳುತ್ತದೆಯೇ ಎಂದು ನೋಡಬೇಕು. ಯಾರೂ ನೋಡದ ಸ್ವಂತ ಮನೆಗಿಂತ ಚೆನ್ನಾಗಿ ನಡೆಯುವ ಬಾಡಿಗೆ ಮನೆಯೇ ಮೇಲು.

ಮಳೆ ಪುಸ್ತಕಕ್ಕೆ ಯಾವುದು ಸರಿ?

ಈಗ ನಮ್ಮ ಮಳೆಯ ಲೆಕ್ಕಕ್ಕೆ ಬರೋಣ. ಎರಡು ದಾರಿ ನೋಡೋಣ. ಒಂದು, ಆಗಲೇ ಹೇಳಿದ ಸಿಂಕ್‌ಥಿಂಗ್. ಇದರಲ್ಲಿ ನಡುವೆ ಸರ್ವರ್ ಬೇಡ. ಕಂಪ್ಯೂಟರುಗಳು ನೇರವಾಗಿ ಕೊಟ್ಟು ತೆಗೆದುಕೊಳ್ಳುತ್ತವೆ. ಆದರೆ ಎರಡೂ ಒಂದೇ ಹೊತ್ತಿಗೆ ಚಾಲೂ ಇರಬೇಕು. ಇನ್ನೊಂದು, 2016ರಲ್ಲಿ ಶುರುವಾದ ನೆಕ್ಸ್ಟ್‌ಕ್ಲೌಡ್. ಇದರಲ್ಲಿ ನಡುವೆ ಒಂದು ಸರ್ವರ್ ಇರುತ್ತದೆ. ಯಾರು ಯಾವಾಗ ಬಂದರೂ ಅದು ಬಡಿಸುತ್ತದೆ. ಹಲವರು ಒಂದೇ ಫೈಲನ್ನು ನೋಡಲು, ಫೋಟೊ ಹಂಚಲು, ದಿನಚರಿ ಇಡಲು ಇದು ಅನುಕೂಲ. ಆದರೆ ಆ ಸರ್ವರ್ ಸದಾ ಓಡುತ್ತಿರಬೇಕು, ನೋಡಿಕೊಳ್ಳುವ ಕೆಲಸವೂ ಹೆಚ್ಚು. ಇವೆರಡೂ ಮುಕ್ತ ತಂತ್ರಾಂಶಗಳು.

ನಮ್ಮದು ಒಂದೇ ಫೈಲು. ಬೆಳಗಿನ ಹೊತ್ತು ಎರಡೂ ಕಂಪ್ಯೂಟರುಗಳು ಹೇಗೂ ಚಾಲೂ ಇರುತ್ತವೆ. ಆದ್ದರಿಂದ ಮೊದಲನೆಯ ದಾರಿಯೇ ಸಾಕು. ಅದರ ಜೊತೆಗೆ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ತೆಗೆದ ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿಟ್ಟರೆ 3-2-1 ಸೂತ್ರ ಪೂರ್ತಿಯಾಯಿತು. ಇನ್ನು ಪೋಷಕರಿಗೆ ಸುದ್ದಿ ಕಳಿಸಲು? ಎಲ್ಲರ ಮೊಬೈಲಿನಲ್ಲಿ ಈಗಾಗಲೇ ಇರುವ ಆ್ಯಪ್ ಆಗಬಹುದು. ಆದರೆ ಮಳೆಯ ಲೆಕ್ಕಕ್ಕೆ ಅದೊಂದೇ ಮನೆಯಾಗಬಾರದು, ಅಷ್ಟೆ.

ನಿಮ್ಮ ಶಾಲೆಯಲ್ಲಿ ನೋಡಿ

ನಿಮ್ಮ ಶಾಲೆಯಲ್ಲಿ ಕಳೆದುಹೋದರೆ ಮತ್ತೆ ಸಿಗದಂಥ ಬರಹ ಅಥವಾ ಚಿತ್ರ ಯಾವುದಿದೆ? ಹಳೆಯ ವಾರ್ಷಿಕೋತ್ಸವದ ಫೋಟೊಗಳೇ? ಶಾಲೆಯ ತೋಟದ ಗಿಡಗಳ ಪಟ್ಟಿಯೇ? ನಿಮ್ಮ ಅಜ್ಜಿ ಹೇಳಿದ ಕಥೆಯನ್ನು ಮೊಬೈಲಿನಲ್ಲಿ ದಾಖಲಿಸಿದ್ದೀರಾ? ಅದರ ಎಷ್ಟು ಪ್ರತಿಗಳಿವೆ, ಯಾವ ಯಾವ ಮನೆಯಲ್ಲಿವೆ ಎಂದು ಶಿಕ್ಷಕರನ್ನು ಕೇಳಿ ಒಂದು ಪಟ್ಟಿ ಮಾಡಿ. 'ಪ್ರತಿಗಳು' ಎಂಬ ಸಾಲಿನಲ್ಲಿ ಒಂದೇ ಎಂದು ಬಂದರೆ ಇವತ್ತೇ ಇನ್ನೊಂದು ಪ್ರತಿ ಮಾಡಿಸಿ. ಶಾಲೆಯ ಕಂಪ್ಯೂಟರಿನಲ್ಲಿ ಏನೇ ಹೊಸದಾಗಿ ಹಾಕುವ ಮೊದಲು ಶಿಕ್ಷಕರ ಒಪ್ಪಿಗೆ ಪಡೆಯಲು ಮರೆಯಬೇಡಿ.

ನಾಳೆ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಹತ್ತಿರ ಹೋಗುತ್ತೀರಲ್ಲ? ನೀವು ಬರೆಯುವ ಆ ಒಂದು ಸಂಖ್ಯೆಯನ್ನು, ಇನ್ನೂ ಶಾಲೆಗೆ ಸೇರದ ನಿಮ್ಮ ಪುಟ್ಟ ತಂಗಿ ತಮ್ಮಂದಿರು ಮುಂದೊಂದು ದಿನ ಓದಬೇಕಿದೆ.

ಯೋಚಿಸಿ ಉತ್ತರಿಸಿ

1. ಸಿಂಕ್ ಇದ್ದ ಮೇಲೂ ಕಾಪು ಪ್ರತಿ ಏಕೆ ಬೇಕು?
2. ವಾರದ ಮೊತ್ತ ಬದಲಾಗದೆ, ಸಂಖ್ಯೆಗಳು ಮಾತ್ರ ತಪ್ಪಾಗುವ ಇನ್ನೊಂದು ಉದಾಹರಣೆ ಕೊಡಿ.
3. ಅಂತರ್ಜಾಲ ಇಲ್ಲದ ದಿನವೂ ನಿಮ್ಮ ಶಾಲೆಯ ಎರಡು ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಬಹುದೇ? ಹೇಗೆ?